ಫ್ಲೋರಿಡಾ ಬೀದಿಯಲ್ಲಿ ಡಾಲರಿನ ಬೆಲೆ

ಬ್ಯೂನಸ್ ಐರಿಸ್‌ನ ಟಿವಿ ವಾರ್ತೆಗಳಲ್ಲಿ ಪರದೆಯ ಮೂಲೆಗೆ ಎರಡು ಅಂಕಿಗಳು ಸದಾ ಅಂಟಿಕೊಂಡಿರುತ್ತಿದ್ದವು. ಒಂದು ಆ ಹೊತ್ತಿನ ಉಷ್ಣಾಂಶ, ಇನ್ನೊಂದು ಡಾಲರಿನ ದರ. 2023ರ ಮಾರ್ಚ್‌ನಲ್ಲಿ ನಾನು ಅಲ್ಲಿದ್ದಾಗ ಎರಡೂ ಏರುತ್ತಲೇ ಇದ್ದವು. ದಕ್ಷಿಣ ಗೋಳಾರ್ಧದ ಬೇಸಿಗೆ ಮುಗಿಯಬೇಕಾದ ತಿಂಗಳಲ್ಲೂ ಸೆಕೆ ಬಿಟ್ಟಿರಲಿಲ್ಲ. ಡಾಲರಿಗಂತೂ ಅಲ್ಲಿ ಹತ್ತಾರು ಹೆಸರು. ಅಧಿಕೃತ ಡಾಲರ್, ಬ್ಲೂ ಡಾಲರ್, ಷೇರುಪೇಟೆಯ ಡಾಲರ್, ಕಾರ್ಡಿನ ಡಾಲರ್. ಸೋಯಾ ರಫ್ತು ಮಾಡುವವರಿಗೆ ಸರ್ಕಾರ ಬೇರೆ ದರ ಕೊಟ್ಟಾಗ ಅದು ಸೋಯಾ ಡಾಲರ್ ಆಯಿತು. ಕತಾರ್ ವಿಶ್ವಕಪ್ಪಿಗೆ ಮುಂಚೆ, ವಿದೇಶದಲ್ಲಿ ಕಾರ್ಡು ಉಜ್ಜುವ ತನ್ನ ಪ್ರಜೆಗಳ ಮೇಲೆ ಸರ್ಕಾರ ಹೊಸ ತೆರಿಗೆ ಹೇರಿದಾಗ ಜನ ಅದನ್ನು ಕತಾರ್ ಡಾಲರ್ ಎಂದರು. ಹೊರದೇಶದ ಗಾಯಕರನ್ನು ಕರೆಸುವ ಆಯೋಜಕರಿಗೆ ನಿಗದಿಯಾದ ದರ ಕೋಲ್ಡ್‌ಪ್ಲೇ ಡಾಲರ್. ಆ ತಂಡ 2022ರ ಕೊನೆಯಲ್ಲಿ ರಿವರ್ ಪ್ಲೇಟ್ ಕ್ರೀಡಾಂಗಣದಲ್ಲಿ ಹತ್ತು ಸಂಜೆ ಹಾಡಿತ್ತು.

ಪ್ರವಾಸಿಗೆ ಇವುಗಳಲ್ಲಿ ಎರಡು ಗೊತ್ತಿದ್ದರೆ ಸಾಕಿತ್ತು. ಬ್ಯಾಂಕಿನಲ್ಲಿ ಒಂದು ಡಾಲರಿಗೆ ಸುಮಾರು 200 ಪೆಸೊ. ಬೀದಿಯಲ್ಲಿ ಅದೇ ಡಾಲರಿಗೆ, ಅಂದರೆ ಬ್ಲೂ ಡಾಲರಿಗೆ, 380ರ ಆಸುಪಾಸು. ಇಬ್ಬರು ಕೂತು ಊಟ ಮಾಡಿ ಎದ್ದಾಗ 7,600 ಪೆಸೊ ಬಿಲ್ಲಾಯಿತು ಎನ್ನಿ. ಬ್ಯಾಂಕಿನ ದರದಲ್ಲಿ ಅದು 38 ಡಾಲರ್, ನಮ್ಮ ರೂಪಾಯಿಯಲ್ಲಿ ಆಗ ಮೂರು ಸಾವಿರದ ಮೇಲೆ. ಬೀದಿ ದರದಲ್ಲಿ 20 ಡಾಲರ್, ಅಂದರೆ ಸಾವಿರದ ಆರುನೂರ ನಲವತ್ತರ ಹತ್ತಿರ. ಮೇಜು ಅದೇ, ತಟ್ಟೆ ಅದೇ, ಬಡಿಸಿದವನೂ ಅವನೇ. ಜೇಬಿನಿಂದ ಏನು ಹೊರಬರುತ್ತದೆ, ಅದು ಯಾವ ದಾರಿಯಲ್ಲಿ ಪೆಸೊ ಆಗುತ್ತದೆ ಎಂಬುದರ ಮೇಲೆ ಊಟದ ಬೆಲೆ ಅರ್ಧವಾಗುತ್ತಿತ್ತು ಇಲ್ಲವೇ ಇಮ್ಮಡಿಯಾಗುತ್ತಿತ್ತು.

ಇಂಥ ಎರಡು ದರ ಹುಟ್ಟುವುದು ಸರ್ಕಾರ ಡಾಲರಿಗೆ ಬೇಲಿ ಹಾಕಿದಾಗ. ಅರ್ಜೆಂಟೀನಾದಲ್ಲಿ ಆ ಬೇಲಿಗೆ ‘ಸೆಪೊ’ ಎನ್ನುತ್ತಾರೆ. ಕ್ರಿಸ್ಟಿನಾ ಫರ್ನಾಂಡಿಸ್ ಡಿ ಕಿರ್ಚ್‌ನರ್ ಅಧ್ಯಕ್ಷರಾಗಿದ್ದ 2011ರಲ್ಲಿ ಅದು ಬಂತು, 2015ರ ಡಿಸೆಂಬರ್‌ನಲ್ಲಿ ಮೌರಿಸಿಯೊ ಮಾಕ್ರಿ ಬಂದ ಕೂಡಲೇ ಕಿತ್ತುಹಾಕಿದರು, 2019ರಲ್ಲಿ ಅದೇ ಮಾಕ್ರಿ ಮತ್ತೆ ಹಾಕಿದರು. ಮೊದಲು ತಿಂಗಳಿಗೆ ಹತ್ತು ಸಾವಿರ ಡಾಲರ್ ಎಂಬ ಮಿತಿ. ಎರಡೇ ತಿಂಗಳಲ್ಲಿ ಅದು ಇನ್ನೂರಕ್ಕೆ ಇಳಿಯಿತು. ಕೇಂದ್ರ ಬ್ಯಾಂಕಿನ ಕೈಯಲ್ಲಿ ಡಾಲರ್ ಇರಲಿಲ್ಲ, ಜನರಿಗೆ ಪೆಸೊ ಮೇಲೆ ನಂಬಿಕೆ ಇರಲಿಲ್ಲ. ಸಂಬಳ ಬಂದ ದಿನವೇ ಅದನ್ನು ಡಾಲರಿಗೆ ತಿರುಗಿಸಿಕೊಳ್ಳಲು ಇಡೀ ದೇಶ ತವಕಿಸುತ್ತಿತ್ತು. ಬ್ಯಾಂಕು ಕೊಡುವುದಿಲ್ಲ ಎಂದರೆ ಬೀದಿ ಕೊಡುತ್ತಿತ್ತು, ಹೆಚ್ಚು ಬೆಲೆಗೆ. ನಾನು ಹೋದ ವರ್ಷ ಇದೆಲ್ಲದರ ಮೇಲೆ ಬರವೂ ಬಂದಿತ್ತು. ಮೂರು ವರ್ಷ ಬೆನ್ನುಬೆನ್ನಿಗೆ ಕಾಡಿದ ಲಾ ನೀನ್ಯಾ ಎಂಬ ಹವಾಮಾನದ ಏರುಪೇರಿನಿಂದ ಪಂಪಾ ಬಯಲು ಒಣಗಿ, ಸೋಯಾ ಫಸಲು ಹಿಂದಿನ ವರ್ಷದ ಅರ್ಧದಷ್ಟಾಯಿತು. ಆ ದೇಶಕ್ಕೆ ಡಾಲರ್ ತರುವ ಮುಖ್ಯ ಬೆಳೆಯೇ ಅದು. ಮಳೆ ಕೈಕೊಟ್ಟರೆ ಊರಿನ ಅಂಗಡಿಯ ಸಾಲದ ಪುಸ್ತಕ ಹೇಗೆ ದಪ್ಪವಾಗುತ್ತದೆಂದು ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಫ್ಲೋರಿಡಾ ಎಂಬುದು ನಗರದ ನಡುವೆ ಹಾದುಹೋಗುವ, ವಾಹನಗಳಿಲ್ಲದ ಅಂಗಡಿ ಬೀದಿ. ಇಲ್ಲಿ ಹತ್ತು ಹೆಜ್ಜೆಗೊಬ್ಬರಂತೆ ನಿಂತು ‘ಕಾಂಬಿಯೊ, ಕಾಂಬಿಯೊ’ ಎಂದು ಒಂದೇ ಶ್ರುತಿಯಲ್ಲಿ ಕೂಗುವ ಗಂಡಸರು, ಹೆಂಗಸರು. ನೋಟು ಬದಲಿಸುವವರು. ನಿಂತಲ್ಲೇ ನಿಂತಿರುವುದರಿಂದ ಇವರಿಗೆ ‘ಪುಟ್ಟ ಮರ’ ಎಂಬ ಅರ್ಥದ ಅರ್ಬೊಲಿತೊ ಎಂಬ ಹೆಸರು. ಅವರ ಹಿಂದೆ ಹೋದರೆ ಯಾವುದೋ ಮಳಿಗೆಯ ಒಳಕೋಣೆಗೆ, ಗಾಜಿನ ಹಿಂದೆ ಕೂತ ಇನ್ನೊಬ್ಬರ ಎದುರಿಗೆ ಕರೆದೊಯ್ಯುತ್ತಾರೆ. ಕಾನೂನಿನ ಪ್ರಕಾರ ಇದು ತಪ್ಪು. ಆದರೂ ಅದರ ದರ ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಪೊಲೀಸರು ಅದೇ ಬೀದಿಯಲ್ಲಿ ನಡೆದಾಡುತ್ತಾರೆ.

ಅಲ್ಲಿ ಡಾಲರ್ ನೋಟಿಗೂ ಜಾತಿಗಳಿದ್ದವು. ಹೊಸ ನೂರರ ನೋಟು, ಅದರ ಮೇಲೆ ಫ್ರಾಂಕ್ಲಿನ್‌ನ ದೊಡ್ಡ ಮುಖವಿದ್ದರೆ ಪೂರ್ತಿ ಬೆಲೆ. ಹಳೆಯ, ಸಣ್ಣ ಮುಖದ ನೋಟಾದರೆ ಕಡಿಮೆ. ಹತ್ತು, ಇಪ್ಪತ್ತರ ನೋಟುಗಳಿಗೆ ಇನ್ನೂ ಕಡಿಮೆ. ಮಡಿಕೆ ಬಿದ್ದಿದ್ದರೆ, ಶಾಯಿಯ ಗುರುತಿದ್ದರೆ ಮೂಗು ಮುರಿಯುತ್ತಿದ್ದರು. ಅಮೆರಿಕದಲ್ಲಿ ಇವೆಲ್ಲವೂ ಒಂದೇ ಬೆಲೆಯ ಹಣ. ಕೊಟ್ಟ ನೂರು ಡಾಲರಿಗೆ ಪ್ರತಿಯಾಗಿ ಸಿಗುತ್ತಿದ್ದದ್ದು ಸಾವಿರ ಪೆಸೊದ 38 ನೋಟುಗಳು. ಅದಕ್ಕಿಂತ ದೊಡ್ಡ ನೋಟು ಆಗ ಇರಲಿಲ್ಲ, ಎರಡು ಸಾವಿರದ್ದು ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ. ಸಾವಿರದ ನೋಟಿನ ಮೇಲೆ ಮಣ್ಣಿನ ಗೂಡು ಕಟ್ಟುವ ಓರ್ನೆರೊ ಹಕ್ಕಿಯ ಚಿತ್ರ. 2017ರಲ್ಲಿ ಆ ನೋಟು ಹೊರಬಂದಾಗ ಅದಕ್ಕೆ ಐವತ್ತು ಡಾಲರಿಗೂ ಹೆಚ್ಚಿನ ಬೆಲೆಯಿತ್ತು. ನಾನು ಎಣಿಸಿಕೊಳ್ಳುವಾಗ ಮೂರು ಡಾಲರೂ ಇಲ್ಲ.

ವರ್ಷಗಟ್ಟಲೆ ಪ್ರವಾಸಿಗರು ಹೀಗೆಯೇ ನಡೆಸಿದ್ದರು. ಸೊಂಟದ ಚೀಲದಲ್ಲಿ ಡಾಲರ್ ಕಟ್ಟಿಕೊಂಡು ಬರುವುದು, ಇಲ್ಲವೇ ವೆಸ್ಟರ್ನ್ ಯೂನಿಯನ್ ಮೂಲಕ ತಮಗೆ ತಾವೇ ಹಣ ಕಳಿಸಿಕೊಂಡು ಅದರ ಕಚೇರಿ ಮುಂದೆ ಸಾಲು ನಿಲ್ಲುವುದು. ಕಾರ್ಡು ಉಜ್ಜಿದವರಿಗೆ ಮಾತ್ರ ಅಧಿಕೃತ ದರ, ಅಂದರೆ ಎಲ್ಲವೂ ಹೆಚ್ಚುಕಡಿಮೆ ಇಮ್ಮಡಿ ಬೆಲೆ. ಹಾಗಾಗಿ ಕಾರ್ಡು ಉಜ್ಜುವವರೇ ಕಡಿಮೆ. ಪ್ರವಾಸಿ ತಂದ ಡಾಲರೆಲ್ಲ ಫ್ಲೋರಿಡಾ ಬೀದಿಯ ಒಳಕೋಣೆಗಳಿಗೆ ಹೋಗುತ್ತಿತ್ತು.

2022ರ ನವೆಂಬರ್‌ನಲ್ಲಿ ಅರ್ಜೆಂಟೀನಾದ ಕೇಂದ್ರ ಬ್ಯಾಂಕು ಇದಕ್ಕೊಂದು ದಾರಿ ಹುಡುಕಿತು. ಸೆರ್ಜಿಯೊ ಮಾಸ್ಸಾ ಆಗ ಹಣಕಾಸು ಮಂತ್ರಿ. ವಿದೇಶಿ ಬ್ಯಾಂಕುಗಳು ಕೊಟ್ಟ ಕಾರ್ಡಿನಿಂದ ಪ್ರವಾಸಿ ಮಾಡುವ ಖರ್ಚನ್ನು ಅಧಿಕೃತ ದರದ ಬದಲು ಎಂಇಪಿ ದರದಲ್ಲಿ ಪೆಸೊಗೆ ತಿರುಗಿಸಬಹುದು ಎಂದಿತು. ಎಂಇಪಿ ಎಂದರೆ ಷೇರುಪೇಟೆಯ ಡಾಲರ್. ಒಂದೇ ಸರ್ಕಾರಿ ಬಾಂಡು ಅಲ್ಲಿ ಪೆಸೊದಲ್ಲೂ ಡಾಲರಿನಲ್ಲೂ ಬಿಕರಿಯಾಗುತ್ತದೆ. ಡಾಲರ್ ಕೊಟ್ಟು ಬಾಂಡು ಕೊಂಡು, ಅದನ್ನೇ ಪೆಸೊಗೆ ಮಾರಿದರೆ ನಡುವೆ ಒಂದು ವಿನಿಮಯ ದರ ತಾನಾಗಿ ಹುಟ್ಟುತ್ತದೆ. ಪೂರ್ತಿ ಕಾನೂನುಬದ್ಧ, ಬೀದಿ ದರಕ್ಕೆ ತುಸುವೇ ಕಡಿಮೆ. ಕಾರ್ಡಿನ ಜಾಲದವರು ಪ್ರವಾಸಿಯ ಬ್ಯಾಂಕಿನಿಂದ ಬಂದ ಡಾಲರನ್ನು ಈ ದಾರಿಯಲ್ಲಿ ತಿರುಗಿಸುತ್ತಾರೆ, ಹೋಟೆಲಿನವರಿಗೆ ಅವರು ಕೇಳಿದಷ್ಟೇ ಪೆಸೊ ಮುಟ್ಟುತ್ತದೆ, ಉಳಿತಾಯವೆಲ್ಲ ಪ್ರವಾಸಿಯದು. ಮೊದಲು ವೀಸಾ, ಬೆನ್ನಿಗೇ ಮಾಸ್ಟರ್‌ಕಾರ್ಡ್ ಇದನ್ನು ಜಾರಿಗೆ ತಂದವು. ವೀಸಾದಲ್ಲಿ ಹೊಸ ದರವೇ ನೇರವಾಗಿ ಬೀಳುತ್ತಿತ್ತು. ಮಾಸ್ಟರ್‌ಕಾರ್ಡಿನಲ್ಲಿ ಮೊದಲು ಅಧಿಕೃತ ದರದಲ್ಲಿ ಹಣ ಕಡಿತವಾಗಿ, ವ್ಯತ್ಯಾಸ ಕೆಲವು ದಿನ ಬಿಟ್ಟು ಬೇರೆ ಜಮೆಯಾಗಿ ಬರುತ್ತಿತ್ತು. ಮೊದಲ ಸಂದೇಶ ನೋಡಿ ಗಾಬರಿಯಾಗದೆ ಕಾಯಬೇಕು, ಅಷ್ಟೆ.

ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಊರು ಗೊತ್ತಿಲ್ಲದ, ಭಾಷೆ ಬಾರದ ಒಬ್ಬ ಮನುಷ್ಯ ಅಪರಿಚಿತನ ಹಿಂದೆ ಮಹಡಿ ಹತ್ತಿ, ಕದ್ದುಮುಚ್ಚಿ ನೋಟು ಎಣಿಸುವುದನ್ನು ಅದು ತಪ್ಪಿಸಿತು. ಖೋಟಾ ನೋಟಿನ ಭಯ ಹೋಯಿತು. ಬೇರೆ ದೇಶಕ್ಕೆ ಅತಿಥಿಯಾಗಿ ಹೋದವರು ಆ ದೇಶದ ಕಾನೂನು ಮುರಿಯದೆಯೇ ಅಗ್ಗದಲ್ಲಿ ಉಣ್ಣಬಹುದು ಎಂಬುದು ಸಣ್ಣ ಮಾತಲ್ಲ.

ನಮ್ಮ ಕಡೆಯಿಂದ ಹೋಗುವವರು ನೋಡಿಕೊಳ್ಳಬೇಕಾದ ಸಂಗತಿಗಳು ಕೆಲವಿದ್ದವು, ಈಗಲೂ ಯಾವ ದೇಶಕ್ಕೆ ಹೋದರೂ ಇವೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿಯೇ ಬರುತ್ತದೆ, ಹೊರಡುವ ಮುಂಚೆ ಆ್ಯಪಿನಲ್ಲಿ ತೆರೆದುಕೊಳ್ಳಬೇಕು. ಪೆಸೊ ಮೊದಲು ಡಾಲರಾಗಿ, ಡಾಲರು ರೂಪಾಯಿಯಾಗಿ ಬರುವಾಗ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಶೇ. 3.5ರಷ್ಟು ಮಾರ್ಕಪ್ ಹಾಕಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸುತ್ತವೆ. ಒಟ್ಟು ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಅರ್ಜೆಂಟೀನಾದಂಥ ಕಡೆ ಬಿಲ್ಲೇ ಅರ್ಧಕ್ಕಿಳಿದಾಗ ಇದು ಲೆಕ್ಕಕ್ಕಿಲ್ಲ, ಬೇರೆಡೆ ಇದೇ ದೊಡ್ಡದು. ಯಂತ್ರದ ಪರದೆ ‘ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ?’ ಎಂದು ಕೇಳಿದರೆ ಬೇಡ ಎನ್ನಬೇಕು. ಹಾಗೆ ಕಟ್ಟಿದರೆ ವಿನಿಮಯ ದರ ನಿರ್ಧರಿಸುವವರು ಯಂತ್ರದ ಕಡೆಯವರು, ಅದು ನಮಗೆ ಲಾಭದ್ದಾಗಿರುವುದಿಲ್ಲ. ಎಟಿಎಂಗಳಿಂದ ದೂರವಿದ್ದೆ. ಒಮ್ಮೆಗೆ ಸಿಗುವ ಮೊತ್ತ ಕಡಿಮೆ, ಶುಲ್ಕ ವಿಪರೀತ. ಅಂಗಡಿಗಳಲ್ಲಿ ಕಾರ್ಡು ಕೊಟ್ಟರೆ ಗುರುತಿನ ಚೀಟಿ ಕೇಳುತ್ತಿದ್ದರು, ಹಾಗಾಗಿ ಪಾಸ್‌ಪೋರ್ಟಿನ ಪ್ರತಿ ಜೇಬಿನಲ್ಲೇ. ಹೋಟೆಲಿನ ಕೋಣೆಗೆ ವಿದೇಶಿ ಕಾರ್ಡಿನಿಂದ ಕಟ್ಟಿದ ಪ್ರವಾಸಿಗೆ ಶೇ. 21ರ ಮೌಲ್ಯವರ್ಧಿತ ತೆರಿಗೆಯೂ ಇಲ್ಲ. ಆ ರಿಯಾಯಿತಿ 2017ರಿಂದಲೇ ಇದೆ.

ಇಷ್ಟು ತಿಳಿದುಕೊಂಡ ಮೇಲೆ ಆ ನಗರ ಕೈಬೀಸಿ ಕರೆಯುತ್ತಿತ್ತು. ಕೊರಿಯೆಂಟಿಸ್ ರಸ್ತೆಯ ಹಳೆಯ ಪಿಜ್ಜಾ ಅಂಗಡಿಗಳಲ್ಲಿ ಈರುಳ್ಳಿ ಹೇರಿದ ಫುಗಾಸೆತಾ, ಅದರ ಮೇಲೊಂದು ಫೈನಾ ತುಂಡು. ಫೈನಾ ಕಾಬೂಲಿ ಕಡಲೆಹಿಟ್ಟಿನಲ್ಲಿ ಬೇಯಿಸಿದ್ದು, ಮಾಂಸವೇ ಪ್ರಧಾನವಾದ ಆ ನಾಡಿನಲ್ಲಿ ಸಸ್ಯಾಹಾರಿಗೆ ದೊಡ್ಡ ಆಸರೆ. ಜೋಳ ತುಂಬಿದ ಎಂಪನಾದಾ, ಸಂಜೆ ಕಾಫಿಯ ಜೊತೆ ಮೆದಿಯಾಲೂನಾ. ಹಳೆಯ ರಂಗಮಂದಿರವನ್ನೇ ಪುಸ್ತಕದ ಅಂಗಡಿಯಾಗಿಸಿದ ಎಲ್ ಅತೆನಿಯೊದಲ್ಲಿ ಕಾರ್ಡು ಕೊಟ್ಟೆ, ಪುಸ್ತಕದ ಹಿಂಬದಿಯಲ್ಲಿದ್ದ ಬೆಲೆಯ ಅರ್ಧ ಮೊತ್ತ ನನ್ನ ಫೋನಿನಲ್ಲಿ ಮೂಡಿತು. ನಗರದ ಬಸ್ಸಿಗೆ ಹತ್ತು ರೂಪಾಯಿಯೂ ಆಗುತ್ತಿರಲಿಲ್ಲ. ಅದಕ್ಕೆ ಬೇಕಾದ ಸುಬೆ ಕಾರ್ಡಿಗೆ ಮಾತ್ರ ಮೂಲೆಯಂಗಡಿಯಲ್ಲಿ ನಗದು ಕೊಟ್ಟೇ ಹಣ ತುಂಬಿಸಬೇಕಿತ್ತು.

ಪಲೆರ್ಮೊದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ ನಿವೃತ್ತ ಶಿಕ್ಷಕಿ. ನನ್ನ ಊರು ಬೆಂಗಳೂರು ಎಂದು ತಿಳಿದ ಕೂಡಲೇ ಮುಖ ಅರಳಿಸಿ, ‘ಕನಕಪುರ ರಸ್ತೆ ಗೊತ್ತಲ್ಲ ನಿನಗೆ?’ ಎಂದರು. 2012ರಲ್ಲಿ ಶ್ರೀ ಶ್ರೀ ರವಿಶಂಕರ್ ಬ್ಯೂನಸ್ ಐರಿಸ್‌ಗೆ ಬಂದು ಪಲೆರ್ಮೊದ ಬಯಲಲ್ಲಿ ದೊಡ್ಡ ಧ್ಯಾನಕೂಟ ನಡೆಸಿದ್ದರು, ಅಂದಿನಿಂದ ಆರ್ಟ್ ಆಫ್ ಲಿವಿಂಗ್ ಅಲ್ಲಿ ಮನೆಮಾತು. ಇವರೂ ಆ ಜನಸಾಗರದಲ್ಲಿ ಕೂತಿದ್ದವರು. 2018ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನ ಆಶ್ರಮಕ್ಕೆ ಬಂದು ಹೋಗಿದ್ದರು. ಆಗ ಡಾಲರಿಗೆ ಇಪ್ಪತ್ತು ಪೆಸೊ, ಬೇಕಾದಷ್ಟು ಕೊಳ್ಳಬಹುದಿತ್ತು. ಇಡ್ಲಿ, ಜನ, ಗುಡ್ಡದ ಮೇಲಿನ ಗಾಳಿ ಎಲ್ಲವನ್ನೂ ನೆನೆಸಿಕೊಂಡರು. ‘ಮತ್ತೆ ಯಾವಾಗ ಬರುತ್ತೀರಿ?’ ಎಂದೆ. ಮಾತು ಹಣಕ್ಕೆ ತಿರುಗಿದ್ದು ಅಲ್ಲಿಂದ.

ಅವರು ಲೆಕ್ಕ ಹಾಕಿ ತೋರಿಸಿದರು. ಬೆಂಗಳೂರಿನಲ್ಲಿ ತಮ್ಮ ಕಾರ್ಡಿನಿಂದ ನೂರು ಡಾಲರ್ ಖರ್ಚು ಮಾಡಿದರೆ ಅಧಿಕೃತ ದರದಲ್ಲಿ ಇಪ್ಪತ್ತು ಸಾವಿರ ಪೆಸೊ. ಅದರ ಮೇಲೆ ‘ಪಾಯಿಸ್’ ಎಂಬ ತೆರಿಗೆ ಶೇ. 30. ಇನ್ನೊಂದು ಮುಂಗಡ ತೆರಿಗೆ ಶೇ. 45. ಮೂವತ್ತೈದು ಸಾವಿರ ಆಯಿತು. ತಿಂಗಳ ಖರ್ಚು ಮುನ್ನೂರು ಡಾಲರ್ ದಾಟಿದರೆ ಕತಾರ್ ತೆರಿಗೆಯ ಶೇ. 25 ಸೇರಿ ನಲವತ್ತು ಸಾವಿರ. ಮುಂಗಡವಾಗಿ ಹಿಡಿದ ಭಾಗವನ್ನು ಮುಂದಿನ ವರ್ಷ ಅರ್ಜಿ ಹಾಕಿ ವಾಪಸು ಪಡೆಯಬಹುದು, ಅಷ್ಟರಲ್ಲಿ ಆ ಪೆಸೊಗಳ ಬೆಲೆ ಅರ್ಧ ಕರಗಿರುತ್ತದೆ. ನಾನು ಅವರ ಊರಿನಲ್ಲಿ ನೂರು ಡಾಲರ್ ಉಜ್ಜಿದರೆ ನನಗೆ ಮೂವತ್ತೆಂಟು ಸಾವಿರ ಪೆಸೊದ ಸಾಮಾನು ಬರುತ್ತಿತ್ತು. ನನ್ನ ಊರಿನಲ್ಲಿ ನೂರು ಡಾಲರಿನ ಸಾಮಾನು ಕೊಳ್ಳಲು ಅವರು ಮೂವತ್ತೈದರಿಂದ ನಲವತ್ತು ಸಾವಿರ ಪೆಸೊ ಕೊಡಬೇಕಿತ್ತು. ಅಂಕಿಗಳು ಹೆಚ್ಚುಕಡಿಮೆ ಒಂದೇ. ನನಗೆ ಅದು ಬಹುಮಾನ, ಅವರಿಗೆ ಅದು ದಂಡ.

ಇನ್ನೊಂದು ಮಾತು ಹೇಳಿದರು. ಪಿಂಚಣಿಯಲ್ಲಿ ಬದುಕುವವರಾದ್ದರಿಂದ ಅವರ ಮನೆಯ ವಿದ್ಯುತ್ತಿಗೆ, ಗ್ಯಾಸಿಗೆ ಸರ್ಕಾರದ ಸಬ್ಸಿಡಿಯಿತ್ತು. ಸಬ್ಸಿಡಿ ತೆಗೆದುಕೊಳ್ಳುವವರು ಬ್ಯಾಂಕಿನಲ್ಲಾಗಲಿ ಷೇರುಪೇಟೆಯಲ್ಲಾಗಲಿ ಉಳಿತಾಯಕ್ಕೆಂದು ಡಾಲರ್ ಕೊಳ್ಳುವಂತಿಲ್ಲ ಎಂದು 2022ರಲ್ಲಿ ನಿಯಮ ಬಂದಿತ್ತು. ಕರೆಂಟಿನ ಬಿಲ್ಲು ಪೂರ್ತಿ ಕಟ್ಟುವಷ್ಟು ಉಳ್ಳವರು ಎಂಇಪಿ ಪೇಟೆಯಲ್ಲಿ ಡಾಲರ್ ಕೊಂಡು ತಮ್ಮ ಹಣ ಉಳಿಸಿಕೊಳ್ಳಬಹುದಿತ್ತು. ಇವರ ಪಾಲಿಗೆ ಆ ಬಾಗಿಲು ಮುಚ್ಚಿತ್ತು. ಅದೇ ಪೇಟೆಯ ದರದ ಲಾಭವನ್ನು, ಅದರ ಹೆಸರನ್ನೂ ಕೇಳಿರದ ನನ್ನಂಥವರು ಕಾಫಿ ಕುಡಿಯುತ್ತ ಪಡೆಯುತ್ತಿದ್ದೆವು. ಕಾರ್ಡಿನ ವ್ಯವಸ್ಥೆಯನ್ನು ಮೆಚ್ಚುತ್ತೇನೆ ಎಂದೆನಲ್ಲ, ಈ ಮಾತು ಕೇಳಿದ ಮೇಲೂ ಮೆಚ್ಚುತ್ತೇನೆ. ಪ್ರವಾಸಿಗೆ ಸಿಕ್ಕ ದರ ಅನ್ಯಾಯದ್ದಾಗಿರಲಿಲ್ಲ, ನಿಜವಾದ ದರವೇ ಅದು. ಅನ್ಯಾಯವಿದ್ದದ್ದು ಆ ನಿಜವನ್ನು ಹೊರಗಿನವರಿಗೆ ಕೊಟ್ಟು ಮನೆಯವರಿಗೆ ಕೊಡದೇ ಇದ್ದುದರಲ್ಲಿ.

ಅಲ್ಲಿನವರ ಡಾಲರ್ ಹಂಬಲವನ್ನು ದುರಾಸೆ ಎಂದು ಬರೆದವರನ್ನು ಓದಿದ್ದೇನೆ. ಆ ಹೆಂಗಸಿನ ಮಾತು ಕೇಳಿದ ಮೇಲೆ ಹಾಗೆ ಯಾರಿಗೂ ಅನ್ನಿಸಲಾರದು. 1991ರಲ್ಲಿ, ಹಿಂದಿನ ಎರಡು ವರ್ಷದ ಭೀಕರ ಹಣದುಬ್ಬರದ ನಂತರ, ಕಾರ್ಲೋಸ್ ಮೆನೆಮ್ ಸರ್ಕಾರದ ಹಣಕಾಸು ಮಂತ್ರಿ ಡೊಮಿಂಗೊ ಕವಾಲ್ಯೊ ಒಂದು ಪೆಸೊಗೆ ಒಂದು ಡಾಲರ್ ಎಂದು ಕಾನೂನಿನಲ್ಲೇ ಬರೆದಿಟ್ಟರು. ಹತ್ತು ವರ್ಷ ಜನ ಅದನ್ನು ನಂಬಿ ಬ್ಯಾಂಕಿನಲ್ಲಿ ಡಾಲರ್ ಇಟ್ಟರು. 2001ರ ಡಿಸೆಂಬರ್ ಮೊದಲ ವಾರ ಖಾತೆಗಳು ಬಂಧಿಯಾದವು, ವಾರಕ್ಕೆ 250 ಪೆಸೊದಷ್ಟು ಮಾತ್ರ ನಗದು. ಜನ ಪಾತ್ರೆ ಬಡಿಯುತ್ತ ಬೀದಿಗಿಳಿದರು, ಸಾವುಗಳಾದವು. 20ರಂದು ಅಧ್ಯಕ್ಷ ಫರ್ನಾಂಡೊ ಡಿ ಲಾ ರುವಾ ರಾಜೀನಾಮೆ ಕೊಟ್ಟು ಹೆಲಿಕಾಪ್ಟರ್ ಹತ್ತಿದರು. ಮುಂದಿನ ತಿಂಗಳುಗಳಲ್ಲಿ ಡಾಲರ್ ಠೇವಣಿಯನ್ನೆಲ್ಲ ಒಂದಕ್ಕೆ 1.40 ಪೆಸೊದಂತೆ ಬದಲಿಸಲಾಯಿತು. 2002ರ ಮಧ್ಯದ ಹೊತ್ತಿಗೆ ಪೇಟೆಯಲ್ಲಿ ಡಾಲರಿಗೆ ನಾಲ್ಕರ ಹತ್ತಿರ. ನನ್ನ ಕೋಣೆಯ ಒಡತಿ ಮನೆಗೆಂದು ಕೂಡಿಟ್ಟ ಹಣ ಹಾಗೆ ಹೋದದ್ದು. ‘ನಾನು ಪಾತ್ರೆ ಬಡಿಯಲಿಲ್ಲ, ಮಕ್ಕಳಿಗೆ ಪರೀಕ್ಷೆ ಇತ್ತು’ ಎಂದರು. ಶಿಕ್ಷಕಿಯಲ್ಲವೇ.

ಅದಾದ ಮೇಲೆ ಅಲ್ಲಿನ ಮಧ್ಯಮ ವರ್ಗ ಬ್ಯಾಂಕನ್ನು ನಂಬಿಲ್ಲ. ಡಾಲರ್ ನೋಟು ಹಾಸಿಗೆಯ ಕೆಳಗೆ, ಬೀರುವಿನೊಳಗೆ. ಮನೆ ಕೊಳ್ಳುವವರು ಇಂದಿಗೂ ಬೆಲೆಯನ್ನು ಡಾಲರಲ್ಲಿ ಮಾತಾಡಿ, ನೋಟಿನ ಕಟ್ಟುಗಳನ್ನೇ ಮೇಜಿನ ಮೇಲಿಡುವುದುಂಟು. ಕೈಯಲ್ಲಿ ಡಾಲರ್ ಇಲ್ಲದವರು ಕ್ರೆಡಿಟ್ ಕಾರ್ಡನ್ನೇ ಆಯುಧ ಮಾಡಿಕೊಂಡಿದ್ದರು. ಫ್ರಿಜ್, ಬೂಟು, ಶಾಲೆಯ ಚೀಲ ಎಲ್ಲವೂ ‘ಕ್ವೋಟಾ’ದಲ್ಲಿ, ಅಂದರೆ ಹನ್ನೆರಡು ಕಂತಿನಲ್ಲಿ. ಬೆಲೆ ತಿಂಗಳು ತಿಂಗಳು ಏರುವ ದೇಶದಲ್ಲಿ ಕಂತು ಮಾತ್ರ ಮೊದಲ ದಿನದ್ದೇ ಇರುತ್ತದೆ, ಕೊನೆಯ ಕಂತು ಕಟ್ಟುವಾಗ ಅದು ಚಿಲ್ಲರೆ ಕಾಸು. ಫೆಬ್ರುವರಿಯ ವಾರ್ಷಿಕ ಹಣದುಬ್ಬರ ಶೇ. 102.5 ಎಂದು ನಾನಿದ್ದಾಗಲೇ ಪ್ರಕಟವಾಯಿತು, ಮೂರು ದಶಕದಲ್ಲಿ ಮೊದಲ ಬಾರಿಗೆ ನೂರು ದಾಟಿದ್ದು. ಅಂಗಡಿಯವರ ಸಂಕಟ ಇದರ ಮಗ್ಗುಲಿನದು. ಕಾರ್ಡಿನ ಹಣ ಅವರ ಖಾತೆಗೆ ಬರಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತಿದ್ದವು. ಅಷ್ಟರಲ್ಲಿ ಅದೇ ಸರಕನ್ನು ಮರಳಿ ತುಂಬಿಸಲು ಹೆಚ್ಚು ಹಣ ಬೇಕಾಗುತ್ತಿತ್ತು. ಆದ್ದರಿಂದಲೇ ಎಲ್ಲೆಲ್ಲೂ ‘ನಗದಾದರೆ ಶೇ. 10, ಶೇ. 15 ಕಡಿತ’ ಎಂಬ ಚೀಟಿಗಳು. ಸ್ಯಾನ್ ತೆಲ್ಮೊದ ಭಾನುವಾರದ ಸಂತೆಯಲ್ಲಿ ಚರ್ಮದ ಕೆಲಸದವನೊಬ್ಬ ನನ್ನ ಕಾರ್ಡನ್ನು ನೋಡಿ, ಕೊಳ್ಳುವುದಾದರೆ ಪೆಸೊ ಕೊಡಿ ಎಂದು ಕೈಮುಗಿಯುವಂತೆ ಕೇಳಿದ. ಹೋಟೆಲಿನ ಮಾಣಿಗೆ ಕೊಡುವ ಶೇ. 10ರ ಟಿಪ್ಸ್ ಕೂಡ ಆಗ ಕಾರ್ಡಿನಲ್ಲಿ ಸೇರಿಸಲಾಗುತ್ತಿರಲಿಲ್ಲ, ಕೈಗೇ ಕೊಡಬೇಕಿತ್ತು. ಇಂಥವರಿಗೆಂದೇ ಹಕ್ಕಿಯ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಕಾರ್ಡು ಉಳಿಸಿಕೊಟ್ಟಿದ್ದರಲ್ಲಿ ಒಂದು ಪಾಲು ಅವರದು ಎಂದು ನಾನು ಈಗಲೂ ನಂಬಿದ್ದೇನೆ.

ಇದನ್ನೆಲ್ಲ ಕೇಳುವಾಗ ನಮ್ಮದೇ ಹಳೆಯ ದಿನಗಳು ಎದ್ದು ಬರುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಮೈಸೂರು, ಧಾರವಾಡಗಳಿಂದ ಓದಲು ಅಮೆರಿಕಕ್ಕೆ ಹೋದವರು ಎಂಟು ಡಾಲರ್ ಹಿಡಿದು ವಿಮಾನ ಹತ್ತಿದ ಕಥೆ ಹೇಳುತ್ತಿದ್ದರು. ರಿಸರ್ವ್ ಬ್ಯಾಂಕು ಕೊಡುತ್ತಿದ್ದದ್ದು ಅಷ್ಟೆ. 1991ರಲ್ಲಿ ಚಿನ್ನ ಅಡವಿಟ್ಟೆವು. 1992ರ ಮಾರ್ಚ್‌ನಿಂದ ಒಂದು ವರ್ಷ ನಮ್ಮಲ್ಲೂ ಡಾಲರಿಗೆ ಎರಡು ದರಗಳಿದ್ದವು. ಹೊರಗಿನಿಂದ ಬಂದ ಡಾಲರಿನಲ್ಲಿ ಶೇ. 40 ಸರ್ಕಾರಿ ದರಕ್ಕೆ, ಉಳಿದ ಶೇ. 60 ಪೇಟೆಯ ದರಕ್ಕೆ. 1993ರಲ್ಲಿ ಎರಡೂ ಒಂದಾದವು. ಅರ್ಜೆಂಟೀನಾದಲ್ಲಿ ಆಗಿಯೂ ನಿಲ್ಲದೇ ಹೋದ ಕೆಲಸ ನಮ್ಮಲ್ಲಿ ವರ್ಷದಲ್ಲಿ ಮುಗಿಯಿತು, ನಾವು ಅದನ್ನು ಮರೆತೇಬಿಟ್ಟಿದ್ದೇವೆ. ಆದರೂ ಹಳೆಯ ಭಯ ಪೂರ್ತಿ ಹೋಗಿಲ್ಲ. ನಾನು ಮರಳಿದ ಮೇಲೆ, 2023ರ ಮೇ ತಿಂಗಳಲ್ಲಿ, ವಿದೇಶದಲ್ಲಿ ಕ್ರೆಡಿಟ್ ಕಾರ್ಡಿನಿಂದ ಮಾಡುವ ಖರ್ಚನ್ನೂ ವರ್ಷದ ಎರಡೂವರೆ ಲಕ್ಷ ಡಾಲರಿನ ಮಿತಿಯೊಳಗೆ ತಂದು ಮೂಲದಲ್ಲೇ ತೆರಿಗೆ ಹಿಡಿಯಲು ನಮ್ಮ ಸರ್ಕಾರ ಹೊರಟಿತು. ಗದ್ದಲವಾಯಿತು, ಜೂನ್ ಕೊನೆಗೆ ಅದನ್ನು ಮುಂದೂಡಿದರು. ಒಳಗೆ ಬರುವ ಕಾರ್ಡಿಗೆ ಆದರ, ಹೊರಗೆ ಹೋಗುವ ಕಾರ್ಡಿನ ಮೇಲೆ ಕಣ್ಣು. ಡಾಲರಿನ ಕೊರತೆ ಕಂಡ ಯಾವ ದೇಶಕ್ಕೂ ಈ ಸ್ವಭಾವ ಸುಲಭವಾಗಿ ಬಿಡದು.

ವಿಚಿತ್ರವೆಂದರೆ ಪ್ರೇಕ್ಷಣೀಯ ಸ್ಥಳಗಳ ಬಾಗಿಲಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಬಳಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಇಗುವಾಸು ಜಲಪಾತದ ಉದ್ಯಾನದಲ್ಲೂ ಅರ್ಜೆಂಟೀನಾದವರಿಗೊಂದು ದರ, ನನಗೆ ಅದಕ್ಕಿಂತ ಬಹಳ ಹೆಚ್ಚು. ನಾನು ಸಂತೋಷದಿಂದ ಕೊಟ್ಟೆ. ಅಲ್ಲಿ ಬೆಲೆ ಫಲಕದ ಮೇಲೆಯೇ ಬರೆದಿರುತ್ತದೆ, ಯಾರಿಗೆಷ್ಟು ಎಂದು ಎಲ್ಲರಿಗೂ ಕಾಣುತ್ತದೆ. ಕಾರ್ಡಿನ ರಿಯಾಯಿತಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಕ್ಕದ ಮೇಜಿನ ಕುಟುಂಬ ಮಗುವಿನ ಹುಟ್ಟುಹಬ್ಬಕ್ಕೆಂದು ತಿಂಗಳುಗಟ್ಟಲೆ ಕಾದು ಬಂದಿರಬಹುದು, ಬಿಲ್ಲು ಇಬ್ಬರಿಗೂ 7,600 ಎಂದೇ ಅಚ್ಚಾಗಿ ಬರುತ್ತಿತ್ತು.

ಆಮೇಲಿನ ಕಥೆ ವೇಗವಾಗಿ ಓಡಿತು. 2023ರ ಆಗಸ್ಟ್‌ನಲ್ಲಿ ಪ್ರಾಥಮಿಕ ಚುನಾವಣೆಯ ಮರುದಿನವೇ ಅಧಿಕೃತ ದರ 350ಕ್ಕೆ ಹೋಯಿತು. ಅಕ್ಟೋಬರ್‌ನಲ್ಲಿ ಬೀದಿಯ ಡಾಲರ್ ಸಾವಿರ ದಾಟಿತು. ಡಿಸೆಂಬರ್‌ನಲ್ಲಿ ಹಾವಿಯೆರ್ ಮಿಲೇ ಅಧ್ಯಕ್ಷರಾದ ಮೂರೇ ದಿನಕ್ಕೆ ಅಧಿಕೃತ ದರವೇ 800 ಆಯಿತು. ಆ ಒಂದೇ ತಿಂಗಳಲ್ಲಿ ಬೆಲೆಗಳು ಶೇ. 25.5 ಏರಿದವು. 2024ರ ಮೊದಲ ಆರು ತಿಂಗಳಲ್ಲಿ ಬಡವರ ಪ್ರಮಾಣ ಶೇ. 52.9 ಎಂದು ಅಲ್ಲಿನ ಅಂಕಿಅಂಶ ಸಂಸ್ಥೆಯೇ ಹೇಳಿತು. ಎರಡು ದರಗಳನ್ನು ಹತ್ತಿರ ತರಲು ಆ ಜನ ತೆತ್ತದ್ದು ಇಷ್ಟು. ಹಣದುಬ್ಬರ ಕ್ರಮೇಣ ತಗ್ಗಿತು, ಪೆಸೊ ಬಲವಾಗಿ ನಿಂತಿತು, ಪಾಯಿಸ್ ತೆರಿಗೆ 2024ರ ಕೊನೆಗೆ ಮುಗಿಯಿತು. 2025ರ ಏಪ್ರಿಲ್‌ನಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ 20 ಶತಕೋಟಿ ಡಾಲರ್ ಸಾಲದ ಬೆನ್ನಿಗೆ, ಸಾಮಾನ್ಯ ಜನರ ಮೇಲಿದ್ದ ಸೆಪೊ ಎತ್ತಿದರು. ಸಬ್ಸಿಡಿ ಪಡೆಯುವವರು ಡಾಲರ್ ಕೊಳ್ಳಬಾರದೆಂಬ ನಿರ್ಬಂಧವೂ ಹೋಯಿತು. ಈಗ ಹೋಗುವ ಪ್ರವಾಸಿಗೆ ಕಾರ್ಡಿನಿಂದ ವಿಶೇಷ ಲಾಭವೇನೂ ಇಲ್ಲ, ಕಾಫಿಯ ಬೆಲೆ ಯುರೋಪಿನ ಊರುಗಳಷ್ಟೇ ಎಂದು ಹೋಗಿ ಬಂದವರು ಗೊಣಗುತ್ತಾರೆ. ಅವರ ಗೊಣಗಾಟಕ್ಕೆ ನನ್ನ ಸಹಾನುಭೂತಿ ಇಲ್ಲ.

ಅರ್ಜೆಂಟೀನಾದವರೇ ಈಗ ಹೊರಗೆ ಹೋಗಿ ಕೊಳ್ಳುತ್ತಿದ್ದಾರೆ. ಆಂಡಿಸ್ ದಾಟಿ ಚಿಲಿಯ ಸಾಂತಿಯಾಗೊಕ್ಕೆ ಹೋಗಿ ಬಟ್ಟೆ, ಫೋನು, ಟೈರು ತರುವವರ ಕಾರುಗಳು ಗಡಿಯಲ್ಲಿ ಸಾಲುಗಟ್ಟುತ್ತವೆ. ಪಲೆರ್ಮೊದ ಶಿಕ್ಷಕಿಯ ಮಗ ಮೆಂಡೋಸಾದಲ್ಲಿದ್ದಾನೆ. 2025ರ ಚಳಿಗಾಲದಲ್ಲಿ ಅವನೊಂದಿಗೆ ಅವರೂ ಹೋಗಿ ಬಂದರಂತೆ. ಬ್ಯಾಂಕಿನ ಆ್ಯಪಿನಲ್ಲಿ ತಾವೇ ಡಾಲರ್ ಕೊಂಡು, ಕಾರ್ಡಿನ ಬಿಲ್ಲನ್ನು ಡಾಲರಲ್ಲೇ ಕಟ್ಟಿದೆ ಎಂದು ಉದ್ದವಾದ ಸಂದೇಶ ಬರೆದಿದ್ದರು. ಮಗನ ಕಾರಿಗೆ ನಾಲ್ಕು ಟೈರು, ತಮಗೊಂದು ಚಳಿಯ ಕೋಟು. ಟೈರಿನ ಬೆಲೆ ಅಲ್ಲಿ ಎಷ್ಟು, ಇಲ್ಲಿ ಎಷ್ಟು ಎಂದು ಎರಡು ಸಾಲಿನಲ್ಲಿ ಬರೆದು, ಬೆಂಗಳೂರಿನಲ್ಲಿ ಎಷ್ಟಿದೆ ತಿಳಿಸು ಎಂದು ಕೇಳಿದ್ದರು. ವಿಚಾರಿಸಿ ಬರೆದೆ.